ಕ್ಯಾರಿಯರ್‌ನಲ್ಲಿ ಎತ್ತಿಕೊಂಡರೆ ಮಗುವಿನ ಕಾಲು ಸೊಟ್ಟ ಆಗುತ್ತಾ? (ನಾಲ್ಕು ತಿಂಗಳ ಮಗಳು, ಬ್ರೀಚ್ ಆಗಿದ್ದಳು)

ಸಾಗರದ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ಮಗಳಿಗೆ ನಾಲ್ಕು ತಿಂಗಳು ತುಂಬಿತು. 5.8 ಕೆಜಿ ಇದ್ದಾಳೆ. ಮೊದಲನೇ ಮಗು. ಹೊಟ್ಟೆಯಲ್ಲಿ ಕೊನೇವರೆಗೂ ತಿರುಗಲೇ ಇಲ್ಲ, ತಲೆ ಮೇಲೆ ಮಾಡಿಕೊಂಡೇ ಕೂತಿದ್ದಳು (ಬ್ರೀಚ್ ಅನ್ನೋದು ಇದಕ್ಕೇ), ಹಾಗಾಗಿ ಸಿಸೇರಿಯನ್ ಆಯ್ತು. ಬಾಣಂತನ ಮುಗಿಸಿ ಸಾಗರದಿಂದ ಬೆಂಗಳೂರಿಗೆ ವಾಪಸ್ ಬಂದಿದ್ದೀನಿ. ಜೊತೆಗಿರಲಿ ಅಂತ ಅತ್ತೆ ತುಮಕೂರಿಂದ ಬಂದಿದ್ದಾರೆ. ನಾನು ಮಾಡೋದು ಅಕೌಂಟ್ಸ್ ಕೆಲಸ, ಮನೆಯಿಂದಲೇ. ಸದ್ಯದಲ್ಲೇ ಮತ್ತೆ ಶುರು ಮಾಡಬೇಕು.

ಮಗಳು ಹಗಲೆಲ್ಲ ಚಿನ್ನ. ದೀಪ ಹಚ್ಚೋ ಹೊತ್ತಾಯ್ತೋ, ರಾಗ ಶುರು. ತೊಟ್ಟಿಲೂ ಬೇಡ, ಹಾಸಿಗೆಯೂ ಬೇಡ, ಎತ್ತಿಕೊಂಡು ಓಡಾಡ್ತಾನೇ ಇರಬೇಕು. ಹೊಲಿಗೆ ಹಾಕಿದ ಜಾಗ ಇನ್ನೂ ಚುಳ್ ಅನ್ನುತ್ತೆ, ಕೈಯಲ್ಲಿ ಎಷ್ಟು ಹೊತ್ತು ಅಂತ ಹೊರೋದು? ಅದಕ್ಕೇ ಕೂಸನ್ನ ಮೈಗೆ ಕಟ್ಟಿಕೊಳ್ಳೋ ಎರಡು ಕ್ಯಾರಿಯರ್ ಮನೆಗೆ ಬಂದಿವೆ. ಒಂದು ಇವರ ಆಫೀಸಿನವರೊಬ್ಬರು ಬಳಸಿ ಕೊಟ್ಟಿದ್ದು, ಬಕಲ್ ಹಾಕೋ ಥರದ್ದು. ಅದರಲ್ಲಿ ಕೂರಿಸಿದರೆ ತೊಡೆ ಸಂದಿಗೆ ಮಾತ್ರ ಬಟ್ಟೆ ಸಿಗುತ್ತೆ, ಕಾಲೆರಡೂ ನೇರ ಕೆಳಗೆ ಜೋತಾಡ್ತವೆ. ಇನ್ನೊಂದು ಗೆಳತಿ ಕೊಟ್ಟ ರಿಂಗ್ ಸ್ಲಿಂಗ್, ಒಂದು ಭುಜದ ಮೇಲೆ ಹಾಯಿಸಿ ರಿಂಗ್‌ನಲ್ಲಿ ಎಳೆದು ಬಿಗಿ ಮಾಡೋ ಉದ್ದ ಬಟ್ಟೆ. ಅದನ್ನ ಹಾಕಿಕೊಳ್ಳೋ ಹೊತ್ತಿಗೆ ಮಗಳು ಅತ್ತು ಮುಗಿಸಿ ನಿದ್ದೆ ಮಾಡಿರ್ತಾಳೆ.

ಅತ್ತೆಯದು ಮೂರು ತಕರಾರು. ಕಾಲು ಅಗಲಿಸಿ ಕಟ್ಟಿದರೆ ಸೊಟ್ಟ ಆಗುತ್ತೆ. ಕತ್ತು ಸರಿಯಾಗಿ ನಿಲ್ಲದ ಕೂಸನ್ನ ನಿಲ್ಲಿಸಿ ಕಟ್ಟಿದರೆ ಬೆನ್ನು ಗೂನು. ದಿನಾ ಹೊತ್ತುಕೊಂಡೇ ಇದ್ದರೆ ನಡೆಯೋದು ತಡ. "ನಾನೂ ಮೂರು ಸಾಕಿದೀನಿ, ಕಂಕುಳಲ್ಲಿ ಎತ್ತಿಕೊಂಡೇ ಬೆಳೆಸಿದೆ, ಹೀಗೆ ಮೂಟೆ ಕಟ್ಟಿರಲಿಲ್ಲ" ಅಂತಾರೆ. ಜಗಳ ಆಡಲ್ಲ ಪಾಪ, ಆದರೆ ಕ್ಯಾರಿಯರ್ ಕೈಗೆ ತಗೊಂಡ ತಕ್ಷಣ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜಾಸ್ತಿ ಆಗುತ್ತೆ.

ಎದುರು ಫ್ಲ್ಯಾಟಿನವರು ಪೂರ್ತಿ ಉಲ್ಟಾ. ಕ್ಯಾರಿಯರ್‌ನಲ್ಲಿ ಬೆಳೆದ ಮಕ್ಕಳಿಗೆ ಕೋರ್ (ಹೊಟ್ಟೆ, ಬೆನ್ನಿನ ಸ್ನಾಯು) ಗಟ್ಟಿಯಾಗುತ್ತೆ, ಬೇಗ ಕೂರ್ತಾರೆ, ಬೇಗ ನಡೀತಾರೆ ಅಂತ ನನಗೆ ದಿನಕ್ಕೊಂದು ರೀಲ್ ಕಳಿಸ್ತಾರೆ. ಲಸಿಕೆಗೆ ಹೋದಾಗ ಡಾಕ್ಟರನ್ನ ಕೇಳಿದೆ. "ಬಳಸಿ, ಏನಾಗಲ್ಲ" ಅಂದು ಮುಂದಿನ ಟೋಕನ್ ಕರೆದರು.

ಗೊತ್ತಿರೋರು ಹೇಳಿ. ಕಾಲು, ಬೆನ್ನು, ನಡಿಗೆ, ಇದರಲ್ಲಿ ಯಾವ ಭಯ ನಿಜ? ದಿನಕ್ಕೆ ಎಷ್ಟು ಹೊತ್ತು ಹಾಕ್ಕೋಬಹುದು? ಮುಖ ಹೊರಗೆ ಮಾಡಿ ಕೂರಿಸಬಹುದಾ?

---

ನಂಜನಗೂಡು_ರಸಬಾಳೆ:

ತಾಯಿ, ನಿಮ್ಮತ್ತೆ ಹೇಳಿದ್ದೇ ಸರಿ. ಇದೆಲ್ಲ ಅಂಗಡಿಯವರು ಹುಟ್ಟಿಸಿದ ಬೇಡಿಕೆ. ನಮ್ಮನೇಲಿ ಐದು ಮೊಮ್ಮಕ್ಕಳು. ನೆಲದ ಮೇಲೆ ಚಾಪೆ ಹಾಸಿ ಬಿಟ್ಟೆವು, ಬಿದ್ದು ಎದ್ದು ಎಲ್ಲ ನಡೆದವು. ಅಳೋ ಮಕ್ಕಳನ್ನ ಅಳೋಕೆ ಬಿಡಬೇಕು, ಶ್ವಾಸಕೋಶಕ್ಕೆ ಒಳ್ಳೆಯದು. ಬೆನ್ನಿಗೆ ಕಟ್ಟಿಕೊಂಡು ಹೋಗೋಕೆ ನೀವೇನು ಝಾನ್ಸಿ ರಾಣಿನಾ?

---

ಮ್ಯೂನಿಕ್_ಮಾವಿನಕಾಯಿ:

ರಸಬಾಳೆ ಸರ್, ಅಳೋದು ಶ್ವಾಸಕೋಶಕ್ಕೆ ವ್ಯಾಯಾಮ ಅಂತ ಯಾವ ಮಕ್ಕಳ ಡಾಕ್ಟರೂ ಹೇಳಲ್ಲ. ಮಾಂಟ್ರಿಯಲ್‌ನಲ್ಲಿ ಹುನ್ಸಿಕರ್ ಮತ್ತು ಬಾರ್ ಅನ್ನೋರು 1986ರಲ್ಲೇ ಇದನ್ನ ನೋಡಿದ್ದಾರೆ. ಅತ್ತಾಗ ಮಾತ್ರ ಎತ್ತಿಕೊಳ್ಳೋದಲ್ಲ, ಅಳದೇ ಇದ್ದಾಗಲೂ ದಿನಕ್ಕೆ ಕೆಲವು ಗಂಟೆ ಹೆಚ್ಚಿಗೆ ಎತ್ತಿಕೊಳ್ಳಿ ಅಂತ ಕೆಲವು ತಾಯಂದಿರಿಗೆ ಹೇಳಿದರು. ಆರು ವಾರದ ಹೊತ್ತಿಗೆ ಆ ಮಕ್ಕಳ ಅಳು ಬೇರೆಯವಕ್ಕಿಂತ ಶೇ. 43ರಷ್ಟು ಕಡಿಮೆ ಇತ್ತು, ಸಂಜೆ ಹೊತ್ತಿನ ಅಳು ಅರ್ಧಕ್ಕೆ ಇಳಿದಿತ್ತು. ಸಾಗರದ ಹುಡುಗಿಯವರೇ, ನಿಮ್ಮನೆ ಸಂಜೆ ರಾಗಕ್ಕೆ ನಾಲ್ಕು ತಿಂಗಳ ಮೇಲೆ ಇಷ್ಟೇ ಫಲ ಸಿಗುತ್ತೆ ಅಂತ ಹೇಳೋಕಾಗಲ್ಲ, ಆ ಅಧ್ಯಯನ ಇನ್ನೂ ಚಿಕ್ಕ ಕೂಸುಗಳದ್ದು.

ನಾನು ಬರೆಯೋಕೆ ಕಾರಣ ಬೇರೆ. ಬ್ರೀಚ್ ಅಂದಿರಿ ನೋಡಿ, ಅಲ್ಲಿ ನಿಂತೆ. ಜರ್ಮನಿಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ನಾಲ್ಕೈದು ವಾರಕ್ಕೆ ಯು-3 ಅನ್ನೋ ತಪಾಸಣೆ ಇರುತ್ತೆ. ಅದರಲ್ಲಿ ಸೊಂಟದ ಕೀಲಿನ ಅಲ್ಟ್ರಾಸೌಂಡ್ ಮಾಡೇ ಮಾಡ್ತಾರೆ. ಬ್ರೀಚ್ ಇರಲಿ ಬಿಡಲಿ, ಎಲ್ಲರಿಗೂ. ನಮ್ಮ ಮಗನಿಗೆ ಮಾಡುವಾಗ ನಾನು "ಏನಾದರೂ ತೊಂದರೆನಾ?" ಅಂತ ಬೆವತುಬಿಟ್ಟೆ, ಡಾಕ್ಟರ್ ನಕ್ಕರು. ನಿಮ್ಮ ಮಗಳಿಗೆ ಇದು ಆಗಿದೆಯಾ? ಇಲ್ಲಿ ಫಿಸಿಯೋ ಮೇಡಂ ಒಬ್ಬರಿದ್ದಾರೆ, ಅವರು ಸರಿಯಾಗಿ ಹೇಳ್ತಾರೆ. @ಶಿವಮೊಗ್ಗ_ಫಿಸಿಯೋ

---

ಶಿವಮೊಗ್ಗ_ಫಿಸಿಯೋ:

ಕರೆದಿದ್ದಕ್ಕೆ ಥ್ಯಾಂಕ್ಸ್. ಕ್ಲಿನಿಕ್ ಮುಗಿಸಿ ಈಗ ಕೂತೆ. ನಾನು ಮಕ್ಕಳ ಫಿಸಿಯೋಥೆರಪಿ ಮಾಡೋಳು, ಕ್ಯಾರಿಯರ್ ಮಾರೋಳಲ್ಲ. ಈ ವಿಷಯ ಬಂದಾಗ ಮೊದಲು ಬರೋ ಅನುಮಾನ ಅದೇ ಆಗಿರೋದರಿಂದ ಹೇಳಿಬಿಡ್ತೀನಿ.

ಸಾಗರದ ಹುಡುಗಿ, ಕ್ಯಾರಿಯರ್ ಮಾತು ಆಮೇಲೆ. ಮೊದಲು ಬೀರು ತೆಗೆದು ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಕೊನೆ ಪುಟದಲ್ಲಿ, ಲಸಿಕೆ ಪಟ್ಟಿ ಹತ್ತಿರ, "ಆರು ವಾರಕ್ಕೆ ಹಿಪ್ ಅಲ್ಟ್ರಾಸೌಂಡ್" ಅಂತ ಇದೆಯಾ ನೋಡಿ. ಇದ್ದರೂ ಇಲ್ಲದಿದ್ದರೂ ಮಾಡಿಸಲೇಬೇಕು. ನಿಮ್ಮ ಮಗಳು ಬ್ರೀಚ್, ಹೆಣ್ಣು ಮಗು, ಮೇಲೆ ಚೊಚ್ಚಲು. ಸೊಂಟದ ಕೀಲು ಸರಿಯಾಗಿ ಕೂರದೇ ಇರೋ ತೊಂದರೆಗೆ ಈ ಮೂರೂ ಅಪಾಯದ ಗುರುತುಗಳು. ಮನೆತನದಲ್ಲಿ ಯಾರಿಗಾದರೂ ಇದ್ದರೆ ಅದು ನಾಲ್ಕನೆಯದು, ಅತ್ತೆಯನ್ನೂ ಅಮ್ಮನನ್ನೂ ಒಂದು ಮಾತು ಕೇಳಿ. ಹುಟ್ಟಿದಾಗ ಡಾಕ್ಟರ್ ಕಾಲು ಮಡಿಸಿ ಅಗಲಿಸಿ ಪರೀಕ್ಷೆ ಮಾಡಿರ್ತಾರೆ, ಆದರೆ ಕೈಗೆ ಸಿಗದೇ ತಪ್ಪಿಸಿಕೊಳ್ಳೋ ಕೀಲುಗಳೂ ಇವೆ. ಈಗ ನಾಲ್ಕು ತಿಂಗಳಾಗಿರೋದರಿಂದ ಅಲ್ಟ್ರಾಸೌಂಡ್ ಸಾಕೋ ಎಕ್ಸ್‌ರೇ ಬೇಕೋ ಅನ್ನೋದು ಮಕ್ಕಳ ಮೂಳೆ ಡಾಕ್ಟರ್ ಹೇಳ್ತಾರೆ.

ಇದರ ಕಷ್ಟ ಏನಂದ್ರೆ ಕೂಸಿಗೆ ನೋವಿರಲ್ಲ. ಅಳಲ್ಲ, ಆಟ ಆಡಿಕೊಂಡೇ ಇರುತ್ತೆ. ಡೈಪರ್ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗಿ ಬಿಚ್ಚಿಕೊಳ್ಳಲ್ಲ, ಅಥವಾ ಮಂಡಿ ಎರಡೂ ಮಡಿಸಿ ಪಾದ ಜೋಡಿಸಿ ನೋಡಿದರೆ ಒಂದು ಮಂಡಿ ಕೆಳಗೆ ಕಾಣುತ್ತೆ, ಅಷ್ಟೇ ಸುಳಿವು. ತೊಡೆಯ ಮಡಿಕೆ ಒಂದು ಕಡೆ ಹೆಚ್ಚಿರೋದನ್ನೂ ನೋಡ್ತಾರೆ, ಆದರೆ ಅದು ಎಷ್ಟೋ ಸರಿಯಿರೋ ಮಕ್ಕಳಲ್ಲೂ ಇರುತ್ತೆ. ಯಾರೂ ಗಮನಿಸದಿದ್ದರೆ ಗೊತ್ತಾಗೋದು ಮಗು ಎದ್ದು ಕುಂಟುತ್ತಾ ನಡೆದಾಗ. ಮೊದಲ ತಿಂಗಳುಗಳಲ್ಲಿ ಸಿಕ್ಕರೆ ಪಾವ್ಲಿಕ್ ಹಾರ್ನೆಸ್ ಅಂತ ಬಟ್ಟೆ ಪಟ್ಟಿಗಳ ಒಂದು ಸಾಧನ ಕೆಲವು ವಾರ ಹಾಕ್ತಾರೆ, ಬಹಳ ಮಕ್ಕಳಿಗೆ ಅಷ್ಟರಲ್ಲೇ ಮುಗಿಯುತ್ತೆ. ನಡೆಯೋ ವಯಸ್ಸಿಗೆ ಸಿಕ್ಕರೆ ಆಪರೇಷನ್, ಸೊಂಟದಿಂದ ಕೆಳಗೆ ಪ್ಲಾಸ್ಟರ್. ನಾನು ನೋಡೋದು ಹೆಚ್ಚಾಗಿ ಈ ಎರಡನೇ ಗುಂಪನ್ನ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಈಗ ಕಾಲು. ನಿಮ್ಮತ್ತೆ "ಕಾಲು ಅಗಲಿಸಿದರೆ ಸೊಟ್ಟ" ಅನ್ನೋದು ತಪ್ಪು, "ಕಂಕುಳಲ್ಲಿ ಎತ್ತಿಕೊಂಡೇ ಬೆಳೆಸಿದೆ" ಅನ್ನೋದು ಬಹಳ ಸರಿ. ಅವರು ಮಾಡಿದ್ದೂ ಕಾಲು ಅಗಲಿಸೋದನ್ನೇ! ಕಂಕುಳಲ್ಲಿ ಕೂತ ಕೂಸನ್ನ ನೋಡಿ. ಒಂದು ತೊಡೆ ಹೊಟ್ಟೆ ಕಡೆ, ಇನ್ನೊಂದು ಬೆನ್ನ ಕಡೆ, ಮಂಡಿ ಕುಂಡಿಗಿಂತ ಮೇಲೆ. ಹುಟ್ಟಿದಾಗ ಸೊಂಟದ ಬಟ್ಟಲು ಆಳ ಇರಲ್ಲ, ಬಹುಪಾಲು ಮೆದುಮೂಳೆ. ತೊಡೆಮೂಳೆಯ ಗುಂಡು ಅದರ ಮಧ್ಯಕ್ಕೆ ಒತ್ತಿ ಕೂತಿದ್ದರೆ ಬಟ್ಟಲು ಆ ಗುಂಡಿನ ಆಕಾರಕ್ಕೇ ಬೆಳೆಯುತ್ತೆ. ಕಾಲು ಮಡಿಸಿ ಅಗಲಿಸಿದಾಗ ಗುಂಡು ಮಧ್ಯಕ್ಕೆ ಕೂರುತ್ತೆ. ಕಾಲನ್ನ ನೀಟವಾಗಿ ಜೋಡಿಸಿ ಕೆಳಗೆಳೆದರೆ ಅಂಚಿಗೆ ಸರಿಯುತ್ತೆ. ಪಾವ್ಲಿಕ್ ಹಾರ್ನೆಸ್ ಕಾಲನ್ನ ಹಿಡಿದಿಡೋದೂ ಹೀಗೇ, ಮಡಿಸಿ ಅಗಲಿಸಿ.

ಜಪಾನಿನಲ್ಲಿ ಹಿಂದೆ ಕೂಸಿನ ಕಾಲು ನೇರ ಮಾಡಿ ಬಿಗಿಯಾಗಿ ಸುತ್ತೋ ಪದ್ಧತಿ ಇತ್ತು. 1970ರ ದಶಕದಲ್ಲಿ ಅಲ್ಲಿನ ಮೂಳೆ ಡಾಕ್ಟರುಗಳು ಅದನ್ನ ಬಿಡಿಸೋಕೆ ದೊಡ್ಡ ಪ್ರಚಾರ ಮಾಡಿದರು. ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದ ಸೊಂಟ ಜಾರೋ ತೊಂದರೆ ಸಾವಿರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇನ್ನೊಂದು ಕಡೆ ಆಫ್ರಿಕಾದ ಮಲಾವಿ. ಅಲ್ಲಿ ತಾಯಂದಿರು ಚಿತೆಂಜೆ ಅನ್ನೋ ಬಟ್ಟೆಯಲ್ಲಿ ಕೂಸನ್ನ ಬೆನ್ನಿಗೆ ಕಟ್ಟಿಕೊಳ್ತಾರೆ, ಕೂಸಿನ ಕಾಲು ತಾಯಿಯ ಸೊಂಟವನ್ನ ಎರಡೂ ಕಡೆಯಿಂದ ಬಳಸಿರುತ್ತೆ. ಬ್ಲಾಂಟೈರ್ ಊರಿನ ಮೂಳೆ ಆಸ್ಪತ್ರೆಯವರು ಹತ್ತು ವರ್ಷದಲ್ಲಿ ತಾವು ನೋಡಿದ 40,000ಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿದರೆ ಈ ತೊಂದರೆಯದು ಒಂದೂ ಇಲ್ಲ. ಹಾಗಂತ ಬೆನ್ನಿಗೆ ಕಟ್ಟಿದರೆ ಸೊಂಟ ಜಾರೋದೇ ಇಲ್ಲ ಅಂತ ಸಾಬೀತಾಗಲ್ಲ. ವಂಶದ ಗುಣವೂ ಇರಬಹುದು, ಆಸ್ಪತ್ರೆಗೆ ಬಾರದವರೂ ಇರ್ತಾರೆ. ಆದರೆ "ಅಗಲಿಸಿದರೆ ಕಾಲು ಹಾಳು" ಅನ್ನೋ ಮಾತು ಇದರ ಮುಂದೆ ನಿಲ್ಲಲ್ಲ.

ನಮ್ಮ ಮನೆಗಳಲ್ಲಿ ನನಗೆ ಕ್ಯಾರಿಯರ್‌ಗಿಂತ ಹೆಚ್ಚು ಚಿಂತೆ ಆಗೋದು ಎಣ್ಣೆ-ನೀರಿನ ನಂತರದ ಸುತ್ತು. ಬಿಸಿನೀರು ಹುಯ್ದು, ಲೋಬಾನದ ಹೊಗೆ ಹಾಕಿ, ಹಳೇ ಪಂಚೆಯಲ್ಲಿ ಕೈಕಾಲು ನೀಟ ಮಾಡಿ ಬಿಗಿಯಾಗಿ ಸುತ್ತಿ ಮಲಗಿಸ್ತಾರೆ. ಕೂಸು ಚೆನ್ನಾಗಿ ನಿದ್ದೆ ಮಾಡುತ್ತೆ ನಿಜ. ಸುತ್ತೋದೇ ಆದರೆ ಸೊಂಟದಿಂದ ಕೆಳಗೆ ಸಡಿಲ ಬಿಡಿ, ಕಾಲು ಮಡಿಸಿ ಒದೆಯೋಕೆ ಜಾಗ ಇರಲಿ. ಹೊಗೆ ಬೇಡವೇ ಬೇಡ. (ಕಾಲು ಹಿಡಿದು ತಲೆಕೆಳಗೆ ಮಾಡಿ ಕುಲುಕೋದನ್ನ ಯಾರಾದರೂ ಇನ್ನೂ ಮಾಡ್ತಿದ್ದರೆ ಇವತ್ತೇ ನಿಲ್ಲಿಸಿ. ಅದರ ಬಗ್ಗೆ ಬರೆಯೋಕೆ ಶುರು ಮಾಡಿದರೆ ಬೆಳಗಾಗುತ್ತೆ.)

ಸೊಟ್ಟಗಾಲಿನ ಭಯ ಎಲ್ಲಿಂದ ಬಂತು ಅಂದ್ರೆ, ಎಲ್ಲ ಕೂಸುಗಳ ಕಾಲೂ ಸೊಟ್ಟವೇ. ಹೊಟ್ಟೆಯಲ್ಲಿ ಮಡಿಸಿಕೊಂಡು ಕೂತಿದ್ದರ ಫಲ. ಎರಡು ವರ್ಷದ ಹೊತ್ತಿಗೆ ನೇರ ಆಗ್ತವೆ, ಆಮೇಲೆ ಮೂರು ನಾಲ್ಕು ವರ್ಷಕ್ಕೆ ಮಂಡಿ ಒಳಕ್ಕೆ ತಿರುಗಿ, ಆರೇಳು ವರ್ಷಕ್ಕೆ ಸರಿಹೋಗ್ತವೆ. ಎರಡು ವರ್ಷ ದಾಟಿದರೂ ಬಿಲ್ಲಿನ ಹಾಗೆ ಇದ್ದರೆ ವಿಟಮಿನ್ ಡಿ ನೋಡಬೇಕು. ಹುಟ್ಟಿದಾಗಿಂದ ವರ್ಷದವರೆಗೆ ದಿನಾ 400 ಯೂನಿಟ್ ಡ್ರಾಪ್ಸ್ ಕೊಡಬೇಕು, ಕೊಡ್ತಿದೀರ ತಾನೇ?

ಬೆನ್ನಿನ ವಿಷಯ ಚಿಕ್ಕದು. ಕೂಸಿನ ಬೆನ್ನು ಹುಟ್ಟುವಾಗಲೇ ಬಾಗಿರುತ್ತೆ, ಹಾಗೇ ಇರಬೇಕು. ತಲೆ ಎತ್ತಿ ಎತ್ತಿ ಕತ್ತಿನ ಬಾಗು ಬರುತ್ತೆ, ಕೂತು ನಿಂತು ಸೊಂಟದ ಬಾಗು ಬರುತ್ತೆ. ಬಟ್ಟೆ ಬೆನ್ನಿಗೆ ಒತ್ತಾಸೆ ಕೊಡಬೇಕು, ಜಗ್ಗಿ ನೆಟ್ಟಗೆ ಮಾಡಬಾರದು. ಕತ್ತು ನಿಲ್ಲೋವರೆಗೆ ಬಟ್ಟೆಯ ಮೇಲಂಚು ಕಿವಿ ಹತ್ತಿರದವರೆಗೆ ಬಂದು ತಲೆ ಹಿಡಿದಿರಬೇಕು, ಅಷ್ಟೇ. ಗೂನು ಬರಲ್ಲ.

ನಡಿಗೆ ವಿಷಯದಲ್ಲಿ ಅತ್ತೆಯೂ ಎದುರು ಮನೆಯವರೂ ಇಬ್ಬರೂ ಉತ್ಪ್ರೇಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಧಾರವಿಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ, ಒಬ್ಬರೇ ನಡೆಯೋದು 8.2ರಿಂದ 17.6 ತಿಂಗಳೊಳಗೆ, ಎಲ್ಲವೂ ಆರೋಗ್ಯವಂತ ಮಕ್ಕಳದ್ದೇ. ಅಷ್ಟು ಅಗಲದ ಕಿಟಕಿಯಲ್ಲಿ ಸಂಜೆ ಒಂದು ತಾಸು ಎತ್ತಿಕೊಂಡಿದ್ದರ ಗುರುತು ಎಲ್ಲಿ ಕಾಣುತ್ತೆ? ಹಾಗಂತ ಅತ್ತೆಯ ಮಾತಿಗೆ ಬುಡವೇ ಇಲ್ಲ ಅಂತಲ್ಲ. ಪರಾಗ್ವೆಯ ಕಾಡಿನಲ್ಲಿ ಅಚೆ ಅನ್ನೋ ಜನ ಇದ್ದಾರೆ. ಕಾಡಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ನೆಲಕ್ಕೆ ಬಿಟ್ಟರೆ ಅಪಾಯ ಅಂತ ಕೂಸನ್ನ ಮೈಮೇಲಿಂದ ಇಳಿಸ್ತಾನೇ ಇರಲಿಲ್ಲ. ಅವರ ಮಕ್ಕಳು ನಡೆಯುತ್ತಿದ್ದದ್ದು ಎರಡು ವರ್ಷದ ಹತ್ತಿರಕ್ಕೆ. ದೊಡ್ಡವರಾದ ಮೇಲೆ ಅದೇ ಮಕ್ಕಳು ಸಲೀಸಾಗಿ ಮರ ಹತ್ತೋರು, ಅದು ಬೇರೆ ಮಾತು. ಅಂದರೆ ತಡ ಮಾಡೋದು ಎತ್ತಿಕೊಳ್ಳೋದಲ್ಲ, ನೆಲಕ್ಕೆ ಬಿಡದೇ ಇರೋದು.

ಕೋರ್ ಗಟ್ಟಿಯಾಗುತ್ತೆ ಅನ್ನೋ ರೀಲ್‌ಗೆ ಬಂದರೆ, ಅಮೆರಿಕದಲ್ಲಿ ಎರಿನ್ ಮ್ಯಾನೆನ್ ಅವರ ತಂಡ ಎರಡರಿಂದ ಆರು ತಿಂಗಳ ಮಕ್ಕಳ ಮೈಗೆ ಸೆನ್ಸರ್ ಅಂಟಿಸಿ ಸ್ನಾಯು ಎಷ್ಟು ಕೆಲಸ ಮಾಡುತ್ತೆ ಅಂತ ಅಳೆದಿದ್ದಾರೆ. ಕ್ಯಾರಿಯರ್‌ನಲ್ಲಿದ್ದಾಗ ಹೆಚ್ಚುಕಡಿಮೆ ಕೈಯಲ್ಲಿ ಎತ್ತಿಕೊಂಡಷ್ಟೇ. ಬೆನ್ನಿನ ಸ್ನಾಯುಗೆ ಹೆಚ್ಚು ಕೆಲಸ ಬೋರಲು ಮಲಗಿಸಿದಾಗ. ಎತ್ತಿಕೊಳ್ಳೋದು ವ್ಯಾಯಾಮ ಅಲ್ಲ, ಆದರೆ ಮಗು ಸುಮ್ಮನೆ ಬಿದ್ದುಕೊಂಡಿರೋದೂ ಅಲ್ಲ. ಮಲಗಿಸಿಯೇ ಇಟ್ಟರೆ ತಲೆಯ ಹಿಂಭಾಗ ಚಪ್ಪಟೆ ಆಗುತ್ತಲ್ಲ, ಎತ್ತಿಕೊಂಡಷ್ಟು ಹೊತ್ತು ಆ ಒತ್ತಡವೂ ಇರಲ್ಲ.

ಎಷ್ಟು ಹೊತ್ತು ಅಂದಿರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ ಪ್ರಕಾರ ಕೂಸನ್ನ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಡಬಾರದು. ತಳ್ಳುಗಾಡಿ, ಎತ್ತರದ ಕುರ್ಚಿ ಜೊತೆಗೆ "ಬೆನ್ನಿಗೆ ಕಟ್ಟಿಕೊಳ್ಳೋದು" ಅಂತಲೂ ಅದರಲ್ಲಿ ಸ್ಪಷ್ಟವಾಗಿದೆ. ಎಚ್ಚರವಾಗಿದ್ದಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಬಿಡಬೇಕು, ಒಂದೇ ಸಲ ಅಲ್ಲ, ಬಿಡಿಬಿಡಿಯಾಗಿ. ರಸಬಾಳೆ ಸರ್ ಹೇಳಿದ ಚಾಪೆ ಇಲ್ಲಿ ಬೇಕೇ ಬೇಕು. ಮುಖ ಹೊರಗೆ ಮಾಡೋದು ಆರು ತಿಂಗಳವರೆಗೆ ಬೇಡ. ಹಾಗೆ ಕೂರಿಸಿದರೆ ಬಹಳ ಕ್ಯಾರಿಯರ್‌ಗಳಲ್ಲಿ ತೊಡೆಗೆ ಆಸರೆ ತಪ್ಪುತ್ತೆ.

ಕೊನೆಗೆ, ಸೊಂಟಕ್ಕಿಂತ ದೊಡ್ಡದು ಉಸಿರು. 2010ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸ್ಲಿಂಗ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೂ ಹಿಂದಿನ ಇಪ್ಪತ್ತು ವರ್ಷದಲ್ಲಿ ಅವರ ಗಮನಕ್ಕೆ ಬಂದ ಸಾವು 14, ಅದರಲ್ಲಿ 12 ಕೂಸುಗಳು ನಾಲ್ಕು ತಿಂಗಳೊಳಗಿನವು. ಬಟ್ಟೆ ಚೀಲದ ಹಾಗಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, ಕೂಸು ಸದ್ದು ಮಾಡಲ್ಲ. ಆದ್ದರಿಂದ ನಿಂತ ಭಂಗಿ, ಬಿಗಿಯಾದ ಬಟ್ಟೆ, ಮುಖ ಸದಾ ನಿಮಗೆ ಕಾಣಬೇಕು, ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡೋ ಎತ್ತರ, ಗದ್ದ ಮತ್ತು ಎದೆ ನಡುವೆ ಎರಡು ಬೆರಳು ಜಾಗ. ಒಲೆ ಮುಂದೆ ಬೇಡ. ಸ್ಕೂಟರ್ ಮೇಲೆ ಖಂಡಿತ ಬೇಡ, ಇದು ಹೆಲ್ಮೆಟ್ ಥರದ ಸುರಕ್ಷತಾ ಸಾಧನ ಅಲ್ಲ.

ನಿಮ್ಮ ಬಕಲ್ ಕ್ಯಾರಿಯರ್ ಸದ್ಯಕ್ಕೆ ಪಕ್ಕಕ್ಕಿಡಿ. ಸರಿಯಿರೋ ಸೊಂಟವನ್ನ ಅದು ಕೆಡಿಸುತ್ತೆ ಅಂತ ಹೇಳೋಕೆ ಪುರಾವೆ ಇಲ್ಲ, ಆದರೆ ನಿಮ್ಮ ಮಗಳ ಸೊಂಟ ಸರಿಯಿದೆಯಾ ಅಂತ ನಮಗಿನ್ನೂ ಗೊತ್ತಿಲ್ಲ.

---

ಕೊಪ್ಪಳ_ಸಿಸ್ಟರ್:

ಮೇಡಂ ಎಲ್ಲಾ ಬರದಾರ, ನಾ ಒಂದ ಮಾತು ಹೇಳ್ತೀನ್ರಿ. ನಾ ಕೊಪ್ಪಳ ಜಿಲ್ಲಾದಾಗ ನರ್ಸ್ ಅದೀನಿ. ನಮ್ಮಲ್ಲಿ ಎರಡು ಕೆಜಿಗಿಂತ ಕಮ್ಮಿ ಹುಟ್ಟಿದ ಕೂಸುಗಳಿಗೆ ಕಾಂಗರೂ ಆರೈಕೆ ಅಂತ ಮಾಡಸ್ತೀವ್ರಿ. ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರ್ಕಾರದ ಜೋಡಿ ಸೇರಿ ಜಿಲ್ಲಾದ ತುಂಬ ಇದನ್ನ ತಂದ್ರು. ಮೊದಲ ಇದು ಚಾಲೂ ಆಗಿದ್ದು ಕೊಲಂಬಿಯಾ ದೇಶದ ಬೊಗೊಟಾದಾಗ, 1978ರಾಗ, ಇನ್‌ಕ್ಯುಬೇಟರ್ ಸಾಲದ ಬಂದಾಗ.

ಕೂಸಿಗೆ ಟೊಪಗಿ, ಡೈಪರ್ ಬಿಟ್ಟು ಬ್ಯಾರೆ ಅರಬಿ ಹಾಕಂಗಿಲ್ರಿ. ತಾಯಿ ಎರಡೂ ಎದಿ ನಡುವ ನೆಟ್ಟಗ ಇಟ್ಟು, ಕಪ್ಪಿ ಕಾಲು ಇರ್ತಾವಲ್ಲ ಹಂಗ ಕಾಲು ಮಡಚಿ ಅಗಲ ಮಾಡಿ, ಮುಖ ಒಂದ ಬಾಜೂ ತಿರುಗಿಸಿ, ಗದ್ದ ಚೂರು ಮ್ಯಾಲೆ ಮಾಡಿ ಅರಬಿ ಕಟ್ತೀವಿ. ಒಂದೂವರಿ ಕೆಜಿ ಕೂಸಿಗೇ ನಾವು ಕಾಲು ಅಗಲ ಮಾಡಿ ಕಟ್ಟತೀವಿ ಅಂದ್ರ, ನಿಮ್ಮತ್ತಿಯೋರಿಗೆ ಹೇಳ್ರಿ, ಸೊಟ್ಟ ಆಗೂದಿಲ್ಲ. ಇನ್ನೊಂದು ಏನಂದ್ರ, ಎಷ್ಟೋ ಮನ್ಯಾಗ ತಾಯಿಗೆ ಸುಸ್ತಾದಾಗ ಅತ್ತಿಯೋರ ಕೂಸನ್ನ ಎದಿಗೆ ಹಾಕ್ಕೊಂಡು ಕುಂದರತಾರ. ಮೊದಮೊದಲು ನಾಚ್ಕೋತಾರ. ಆಮ್ಯಾಲ ಕೂಸಿನ ತೂಕ ಏರಾಕ ಹತ್ತಿದ್ದು ಕಂಡ್ರ ತಾವ ಕೇಳಿ ಇಸ್ಕೋತಾರ.

2021ರಾಗ ವಿಶ್ವ ಆರೋಗ್ಯ ಸಂಸ್ಥೆಯೋರ ಐದು ದೇಶದ ಅಧ್ಯಯನ ಬಂತಲ್ರಿ, ನಮ್ಮ ದೇಶಾನೂ ಅದರಾಗ ಇತ್ತು. ಹುಟ್ಟಿದ ಕೂಡಲೇ ಇದನ್ನ ಚಾಲೂ ಮಾಡಿದ್ರ ಸಣ್ಣ ಕೂಸುಗಳ ಸಾವು ಶೇ. 25 ಕಮ್ಮಿ. ಆದ್ರ ಇದು ಕಮ್ಮಿ ತೂಕದ ಕೂಸಿನ ಮಾತು, ಅಕ್ಕಾರ ಮಗಳಂಗ ಗುಂಡುಗುಂಡು ಇದ್ದವರದಲ್ಲ.

---

ನಂಜನಗೂಡು_ರಸಬಾಳೆ:

ಫಿಸಿಯೋ ಮೇಡಂ ನನ್ನ ಚಾಪೆಗೆ ಅರ್ಧ ಗಂಟೆ ಪ್ರಮಾಣಪತ್ರ ಕೊಟ್ಟಿದ್ದಕ್ಕೆ ಧನ್ಯವಾದ. ಝಾನ್ಸಿ ರಾಣಿ ಮಾತು ಹಿಂದೆ ತಗೊಳ್ಳಲ್ಲ. ಆದರೆ ನನ್ನ ಎರಡನೇ ಮೊಮ್ಮಗಳೂ ಬ್ರೀಚೇ. ಈಗ ಮೂರು ವರ್ಷ, ಓಡಾಡಿಕೊಂಡಿದ್ದಾಳೆ. ಅವಳಿಗೆ ಸ್ಕ್ಯಾನ್ ಗೀನ್ ಏನೂ ಮಾಡಿಸಿದ ನೆನಪಿಲ್ಲ. ಈಗ ನೋಡಬೇಕಾ?

---

ಶಿವಮೊಗ್ಗ_ಫಿಸಿಯೋ:

ಸರ್, ಕುಂಟದೆ ನಡೀತಾಳೆ, ಎರಡೂ ಕಾಲು ಒಂದೇ ಉದ್ದ, ಚಕ್ಕಳಮಕ್ಕಳ ಹಾಕಿ ಕೂರುವಾಗ ಎರಡೂ ಮಂಡಿ ಸಮ ಬಗ್ಗುತ್ತೆ ಅಂದ್ರೆ ಹೆಚ್ಚು ಭಯ ಬೇಡ. ಆದರೂ ಮುಂದಿನ ಸಲ ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಬ್ರೀಚ್ ಇತ್ತು ಅಂತ ಹೇಳಿ, ಒಂದು ಎಕ್ಸ್‌ರೇ ಬೇಕಾ ಅಂತ ಅವರೇ ನಿರ್ಧರಿಸಲಿ. ಬಾತುಕೋಳಿ ಥರ ಮೈ ಓಲಾಡಿಸಿ ನಡೆದರೆ ಮಾತ್ರ ಕಾಯಬೇಡಿ.

---

ಸಾಗರದ_ಹುಡುಗಿ:

ಮೇಡಂ, ಸಮ್ಮರಿ ಸಿಕ್ತು. ನೀವು ಹೇಳಿದ ಜಾಗದಲ್ಲೇ ಇದೆ, ಬಿಸಿಜಿ ಸಾಲಿನ ಕೆಳಗೆ "ಯುಎಸ್‌ಜಿ ಹಿಪ್ 6 ವಾರ" ಅಂತ. ಆಗ ನಾನು ಸಾಗರದಲ್ಲಿ ಬಾಣಂತಿ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಕೊಂಡು ಕೂತಿದ್ದೆ. ಮಕ್ಕಳ ಮೂಳೆ ಡಾಕ್ಟರ್ ಗುರುವಾರಕ್ಕೆ ಟೈಮ್ ಕೊಟ್ಟಿದ್ದಾರೆ. ಡೈಪರ್ ಬದಲಿಸುವಾಗ ನೋಡಿದೆ, ಎರಡೂ ಕಾಲು ಒಂದೇ ಥರ ಬಿಚ್ಚಿಕೊಳ್ಳುತ್ತೆ ಅನ್ಸುತ್ತೆ. ಮನೆಯವರು ಎಡಗಡೆ ಸ್ವಲ್ಪ ಕಮ್ಮಿ ಅಂತಾರೆ. ನಮ್ಮಿಬ್ಬರ ಕಣ್ಣನ್ನೂ ನಂಬೋ ಹಾಗಿಲ್ಲ.

ಡಿ ಡ್ರಾಪ್ಸ್ ಕೊಡ್ತಿದೀನಿ.

ಅತ್ತೆಗೆ ನೀವು ಬರೆದಿದ್ದನ್ನೂ ಕೊಪ್ಪಳ ಸಿಸ್ಟರ್ ಬರೆದಿದ್ದನ್ನೂ ಜೋರಾಗಿ ಓದಿದೆ. ಅತ್ತೆ ಎದೆಗೆ ಹಾಕಿಕೊಳ್ಳೋ ಮಾತಿಗೆ "ಅಯ್ಯೋ" ಅಂದರು, ಕಂಕುಳಿನ ಮಾತಿಗೆ ಮಾತ್ರ ಖುಷಿಯಾದರು. "ನೋಡಿದ್ಯಾ, ನಾನು ಹೇಳಲಿಲ್ವಾ" ಅಂತ ನಾದಿನಿಗೆ ಫೋನ್ ಕೂಡ ಆಯ್ತು. ಏನು ಹೇಳಿದ್ದರು ಅಂತ ನಾನು ಕೇಳೋಕೆ ಹೋಗಲಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ರಿಂಗ್ ಸ್ಲಿಂಗ್ ನನಗೆ ಇನ್ನೂ ಒಗ್ಗಿಲ್ಲ, ಭುಜ ಜಾರುತ್ತೆ. ಗುರುವಾರದ ನಂತರ ಸೊಂಟ ಸರಿಯಿದೆ ಅಂದರೆ, ಈ ಹಳೇ ಬಕಲ್ ಕ್ಯಾರಿಯರನ್ನೇ ಹೇಗಾದರೂ ಸರಿ ಮಾಡ್ಕೋಬಹುದಾ, ಇಲ್ಲ ಹೊಸದೇ ತಗೋಬೇಕಾ? ಹೊಸದು ದುಬಾರಿ.

---

ಶಿವಮೊಗ್ಗ_ಫಿಸಿಯೋ:

ಗುರುವಾರ ಡಾಕ್ಟರ್ ಏನಂದರು ಅಂತ ಬರೀರಿ. ಅವರು ಹಾರ್ನೆಸ್ ಅಂದರೆ ಅದರ ಮೇಲೆ ಯಾವ ಕ್ಯಾರಿಯರ್ ಹಾಕಬಹುದು ಅಂತ ಅವರನ್ನೇ ಕೇಳಿ, ನನ್ನ ಮಾತು ತಗೋಬೇಡಿ. ಕ್ಯಾರಿಯರ್ ಯಾವುದೇ ಆಗಲಿ ಚಿಕಿತ್ಸೆ ಅಲ್ಲ.

ಸರಿಯಿದೆ ಅಂದರೆ ಒಂದು ಉಪಾಯ. ಹಳೇ ಕಾಟನ್ ದುಪಟ್ಟಾ ತಗೊಳ್ಳಿ, ಜಾರೋ ಶಿಫಾನ್ ಬೇಡ. ಮಗಳನ್ನ ಬಕಲ್ ಕ್ಯಾರಿಯರ್‌ನಲ್ಲಿ ಮುಖ ನಿಮ್ಮ ಕಡೆ ಮಾಡಿ ಕೂರಿಸಿ. ದುಪಟ್ಟಾ ಅಗಲವಾಗಿ ಹರಡಿ ಅವಳ ಕುಂಡಿ ಕೆಳಗಿಂದ ಹಾಯಿಸಿ, ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದು ಮಂಡಿಯ ಹಿಂಬದಿವರೆಗೆ ತೊಡೆ ಪೂರ್ತಿ ಅದರ ಮೇಲೆ ಕೂರೋ ಹಾಗೆ. ಕುಂಡಿ ಕೆಳಗೆ ಕೈ ಕೊಟ್ಟು ಎರಡೂ ಮಂಡಿಯನ್ನ ಅವಳ ಹೊಕ್ಕುಳ ಮಟ್ಟಕ್ಕೆ ಎತ್ತಿ. ಕಾಲು ಜಗ್ಗಿ ಅಗಲಿಸಬೇಡಿ, ಅದಾಗಿ ಎಷ್ಟು ಬಿಚ್ಚಿಕೊಳ್ಳುತ್ತೋ ಅಷ್ಟೇ. ದುಪಟ್ಟಾದ ಎರಡೂ ತುದಿಯನ್ನ ನಿಮ್ಮ ಬೆನ್ನ ಹಿಂದೆ, ಸೊಂಟದ ಪಟ್ಟಿಗಿಂತ ಮೇಲೆ ಗಂಟು ಹಾಕಿ. ಕಾಲು ಮಡಿಸಿ ಕೂತಿರಬೇಕು, ಪಾದ ಮಂಡಿಯ ನೇರ ಕೆಳಗೆ ಸಡಿಲವಾಗಿ ಇಳಿಬಿದ್ದಿರಬೇಕು. ಗಂಟು ಎರಡು ಹಾಕಿ, ಮೊದಲ ಸಲ ಮಂಚದ ಪಕ್ಕ ನಿಂತು ಅತ್ತೆಯವರನ್ನ ಹತ್ತಿರ ಇಟ್ಟುಕೊಂಡು ಮಾಡಿ.

ಭುಜ ಜಾರೋದಕ್ಕೆ: ರಿಂಗ್ ನಿಮ್ಮ ಎದೆ ಮೇಲೆ ಇದೆ ಅನ್ಸುತ್ತೆ. ಕೂಸನ್ನ ಕೂರಿಸೋ ಮೊದಲು ಅದನ್ನ ಭುಜದ ಮೂಳೆಯ ಹತ್ತಿರಕ್ಕೆ ಏರಿಸಿ, ಕೂರಿಸಿ ಎಳೆದಾಗ ತಾನಾಗಿ ಇಳಿದು ಸರಿಯಾದ ಜಾಗಕ್ಕೆ ಬರುತ್ತೆ. ಬಟ್ಟೆಯನ್ನ ಭುಜದ ಮೇಲೆ ಮುದ್ದೆ ಮಾಡದೆ ತೋಳಿನ ತುದಿವರೆಗೆ ಹರಡಿ.